ಮೆಲ್ಲಗೆ ಡ್ರಮ್ ಬಾರಿಸಿದ ಅಣ್ಣ

ಬೆಳಿಗ್ಗೆ ನಾನು ಹೊಲಿಗೆ ಅಂಗಡಿಯ ಶಟರ್ ಎತ್ತುವಷ್ಟರಲ್ಲಿ ಗಡ್ಡ ಬಂದು ನಿಂತಿದ್ದ. ಗಡ್ಡ ಎಂದೇ ಎಲ್ಲರೂ ಕರೆಯುವ ಅವನು ವ್ಯಾನ್ ಓಡಿಸುವವನು, ನಮ್ಮಣ್ಣನ ರಾಕ್ ಬ್ಯಾಂಡಿನ ಅಭಿಮಾನಿಗಳಿಗೆಲ್ಲ ಮುಂದಾಳು. ತೋಳಿನ ಮೇಲೆ ಅವನ ಚರ್ಮದ ಜಾಕೆಟ್ಟಿತ್ತು. ಅದರ ಬೆನ್ನಿಗೆ ಬ್ಯಾಂಡಿನ ಲಾಂಛನ ಹೊಲಿದುಕೊಟ್ಟವಳು ನಾನೇ.

"ಅಕ್ಕ, ಇದನ್ನ ಬಿಚ್ಚಿಕೊಡಿ," ಅಂದ. "ಹೊಸ ಆಲ್ಬಮ್ ಕೇಳಿದ್ವಿ. ಜೋಗುಳ ಕೇಳೋಕೆ ನಾವೇನು ತೊಟ್ಟಿಲಲ್ಲಿದ್ದೀವಾ? ಶನಿವಾರದ ಶೋಗೆ ನಮ್ಮೋರು ಯಾರೂ ಬರಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಆಲ್ಬಮ್ ಯಾಕೆ ಅಷ್ಟು ಮೆಲ್ಲಗಿದೆ ಎಂಬುದು ನನಗೆ ಗೊತ್ತು. ಡ್ರಮ್ ಬಾರಿಸುವ ನಮ್ಮಣ್ಣನ ಬಲಭುಜದ ಕೀಲು ಸವೆದುಹೋಗಿದೆ. ಅಂಗಿ ತೊಡಿಸುವುದಕ್ಕೂ ಅತ್ತಿಗೆ ಬೇಕು. ಬೇರೆ ಯಾರನ್ನಾದರೂ ಹಾಕಿಕೊಳ್ಳಿ ಎಂದು ಅವನೇ ಹೇಳಿದ್ದ. ಬ್ಯಾಂಡಿನ ಉಳಿದ ಮೂವರು ಸುತರಾಂ ಒಪ್ಪಲಿಲ್ಲ. ಕೋಲು ಬಿಟ್ಟು ತಂತಿಯೆಳೆಗಳ ಬ್ರಷ್ಷಿನಲ್ಲಿ ಡ್ರಮ್ಮನ್ನು ಸವರಿದರೆ ಸಾಕಾಗುವಂತೆ ಹಾಡುಗಳನ್ನೇ ಅವನ ತೋಳಿನ ಅಳತೆಗೆ ಕಟ್ಟಿದರು. ಅಳತೆ ನೋಡಿ ಬಟ್ಟೆ ಹೊಲಿಯುವವಳು ನಾನು. ಅಳತೆ ನೋಡಿ ಹಾಡು ಹೊಲಿದವರನ್ನು ಆಗಲೇ ಮೊದಲ ಸಲ ಕಂಡದ್ದು. ಆ ಮೂವರ ಋಣವನ್ನು ಈ ಜನ್ಮದಲ್ಲಿ ತೀರಿಸಲಾರೆ. ಆದರೆ ಭುಜದ ವಿಷಯ ಬಾಯಿಬಿಡಬಾರದೆಂದು ಅಣ್ಣ ನನ್ನಿಂದ ಆಣೆ ಹಾಕಿಸಿಕೊಂಡಿದ್ದ.

"ಅಯ್ಯೋ ಪಾಪ ಅಂತ ಬರೋ ಜನ ನಂಗೆ ಬೇಡ ಕಣೇ," ಅಂದಿದ್ದ. "ಹಾಡು ಹಿಡಿಸಿದ್ರೆ ಬರಲಿ. ಶನಿವಾರ ಹಾಲ್ ಖಾಲಿ ಇದ್ರೆ ಅವತ್ತಿಗೇ ನಿಲ್ಲಿಸಿಬಿಡ್ತೀನಿ."

ಸಿಟ್ಟು ನುಂಗಿಕೊಂಡು ಗಡ್ಡನನ್ನು ಕೇಳಿದೆ, "ಎಲ್ಲಿ ಕೇಳಿದ್ರಿ?"

"ಇನ್ನೆಲ್ಲಿ? ವ್ಯಾನಲ್ಲಿ. ಹೊಸ ಆಲ್ಬಮ್ ಬಂದ್ರೆ ಯಾವತ್ತೂ ಹಾಗೇ ತಾನೆ? ಎಲ್ರೂ ಹತ್ತಿ, ಕಿಟಕಿ ತೆಗ್ದು, ಫುಲ್ ಸೌಂಡಲ್ಲಿ ಊರೆಲ್ಲ ಸುತ್ತೋದು!"

"ಆ ಡಕೋಟಾ ವ್ಯಾನಿನ ಸದ್ದಲ್ಲಿ ಬ್ರಷ್ ಸವರಿದ್ದು ಕೇಳ್ಸುತ್ತೇನೋ? ನಿನ್ನ ತಲೇಲಿರೋದು ಮಿದುಳಾ, ಹತ್ತಿನಾ? ಕೂತ್ಕೋ ಇಲ್ಲಿ."

ಶಟರನ್ನು ಅರ್ಧ ಇಳಿಸಿದೆ. ಫ್ಯಾನನ್ನೂ ಹಾಕಲಿಲ್ಲ, ಹೊಲಿಗೆ ಯಂತ್ರವನ್ನೂ ಮುಟ್ಟಲಿಲ್ಲ. ಬಟ್ಟೆಯ ಥಾನುಗಳ ನಡುವೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಸಣ್ಣ ದನಿಯಲ್ಲಿ ಆಲ್ಬಮ್ ಹಾಕಿದೆ. ಮೊದಲ ಹಾಡಿಗೆ ಮುಖ ಸಿಂಡರಿಸಿಕೊಂಡು ಕಾಲಾಡಿಸುತ್ತಿದ್ದ. ಎರಡನೆಯದರಲ್ಲಿ ಗಿಟಾರು ನಿಂತು ಬ್ರಷ್ಷಿನ ಸರಸರ ಒಂದೇ ಉಳಿದಾಗ ಅವನ ಕಾಲೂ ನಿಂತಿತು. ಆಮೇಲೆ ನಾನು ಕತ್ತರಿ ಎತ್ತಿಕೊಂಡದ್ದಕ್ಕೇ "ಶ್!" ಎಂದು ಗದರಿದ. ನನ್ನ ಅಂಗಡಿಯಲ್ಲಿ ನನಗೇ!

ಮುಗಿದ ಮೇಲೆ ಮೂಗೊರೆಸಿಕೊಂಡ. "ಕರ್ಮ! ಇದನ್ನ ಹೋಗಿ ಹೋಗಿ ವ್ಯಾನಲ್ಲಿ ಕೇಳಿದ್ವಲ್ಲ ಅಕ್ಕ," ಎಂದು ಜಾಕೆಟ್ಟು ಹಾಕಿಕೊಂಡು ಹೊರಟ.

ಅವನು ಎಲ್ಲರಿಗೂ ಏನು ಹೇಳಿದನೋ, ಹೇಗೆ ಕೇಳಿಸಿದನೋ, ಶನಿವಾರ ಸಂಜೆ ಹಾಲ್ ತುಂಬಿತು. ಆದರೆ ಈ ಅಭಿಮಾನಿಗಳಿಗೆ ಯಾವುದೂ ಹದವಾಗಿ ಬರದು. ಕೂಗಿದರೂ ಅತಿ, ಸುಮ್ಮನಿದ್ದರೂ ಅತಿ. ಒಂದು ಸಣ್ಣ ಸದ್ದೂ ಕಳೆದುಹೋಗಬಾರದೆಂದು ಗಡ್ಡ ಅಪ್ಪಣೆ ಮಾಡಿದ್ದನಂತೆ. ಬ್ಯಾಂಡ್ ವೇದಿಕೆಗೆ ಬಂದಾಗ ಒಂದು ಸಿಳ್ಳೆಯಿಲ್ಲ. ಮೊದಲ ಹಾಡು ಮುಗಿದಾಗಲೂ ಒಂದು ಚಪ್ಪಾಳೆಯಿಲ್ಲ. ದೀಪಗಳೆಲ್ಲ ಬ್ಯಾಂಡಿನ ಮುಖಕ್ಕೇ ಹೊಡೆಯುತ್ತಿದ್ದವು; ಅಣ್ಣನ ಕಣ್ಣಿಗೆ ಎದುರಿಗೆ ಬರೀ ಕತ್ತಲು.

ಅಣ್ಣ ಬ್ರಷ್ಷುಗಳನ್ನು ಕೆಳಗಿಟ್ಟ. ಹಾಲ್ ಖಾಲಿ ಅಂತ ತಿಳಿದು ನಿಲ್ಲಿಸಿಯೇಬಿಟ್ಟ ಎಂದುಕೊಂಡೆ, ವೇದಿಕೆಯ ಪಕ್ಕದಲ್ಲಿದ್ದ ನಾನು. ಅವನು ಎಡಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಕತ್ತಲನ್ನು ದಿಟ್ಟಿಸಿ, ಮೈಕಿಗೆ ಬಾಗಿ ಕೇಳಿದ:

"ಯಾರಾದ್ರೂ ಇದ್ದೀರಾ?"

"ಇದ್ದೀವಿ ಅಣ್ಣಾ!"

ಹಾಲಿಗೆ ಹಾಲೇ ಕೂಗಿತು. ನೆಲ ನಡುಗಿ ನನ್ನ ಅಂಗಾಲಿಗೆ ತಾಗಿತು. ಆ ಒರಟರನ್ನು ಒಬ್ಬೊಬ್ಬರನ್ನಾಗಿ ಅಪ್ಪಿಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ಕತ್ತಲೊಳಗಿಂದ ಗಡ್ಡನ "ಶ್!" ಕೇಳಿಸಿತು. ಎಲ್ಲರೂ ತೆಪ್ಪಗಾದರು. ಅಣ್ಣ ನಕ್ಕು ಬ್ರಷ್ಷುಗಳನ್ನು ಎತ್ತಿಕೊಂಡ.