ಗಟ್ಟಿ ಹಾಲು

ಚಿನಕುರಳಿಯ ಬೆಟ್ಟಮ್ಮನ ಹಾಲಿನಲ್ಲಿ ನೀರು ಕಂಡವರಿಲ್ಲ. ಇಪ್ಪತ್ತೆರಡು ವರ್ಷ ಊರ ಡೈರಿಗೆ ಎರಡು ಹೊತ್ತು ಹಾಲು ಹಾಕಿದ ಹೆಂಗಸು. ಎಲ್ಲರ ಕ್ಯಾನಿಗೂ ಡಿಗ್ರಿ ನೋಡುವ ಗಾಜಿನ ಕೊಳವೆ ಇಳಿಬಿಡುತ್ತಿದ್ದ ಸೆಕ್ರೆಟರಿ ಚಿಕ್ಕಸ್ವಾಮಿ, ಅವಳ ಸರದಿ ಬಂದಾಗ ಮಾತಿಲ್ಲದೆ ಸುರಿದುಕೊಳ್ಳುತ್ತಿದ್ದ. ತನಿಖೆಯವರು ಬರುವ ದಿನ ಮಾತ್ರ ಗಟ್ಟಿ ಹಾಲು ತಂದು ಮಿಕ್ಕ ದಿನ ಬೋರಿನ ನೀರು ಬೆರೆಸುವವರನ್ನು ಕಂಡರೆ, ಎಮ್ಮೆ ಕರೀತೀರೋ ಕೊಳಾಯಿ ಕರೀತೀರೋ ಎಂದು ಅವರ ಮುಖಕ್ಕೇ ಕೇಳುತ್ತಿದ್ದಳು.

ಅಂಥವಳ ಮಡಿಲಿಗೆ ಭಗವಂತ ಡಬ್ಬಿ ಹಾಲಿನ ಕೂಸನ್ನು ಹಾಕಿದ. ಮಗಳು ಅರ್ಪಿತ ಹೆಣ್ಣು ಹೆತ್ತ ನಾಲ್ಕನೆಯ ದಿನಕ್ಕೆ ನಂಜೇರಿ ಕಣ್ಣು ಮುಚ್ಚಿದಳು. ಕಾರ್ಯ ಮುಗಿದ ಮೇಲೆ ಹೊಣಕೆರೆಯ ಬೀಗರು ಕೂಸನ್ನು ಒಯ್ಯುವ ಮಾತೆತ್ತಿದರು. ಅಳಿಯ ಕಿಶನ್ ಕೆ.ಆರ್. ಪೇಟೆಯ ಟ್ರಾಕ್ಟರು ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಅವನು ತಲೆ ತಗ್ಗಿಸಿಕೊಂಡೇ, ಮೂರು ತಿಂಗಳು ಅತ್ತೆಯ ಹತ್ತಿರ ಇರಲಿ, ಹೇಗೆ ಬೆಳೆಯುತ್ತದೋ ನೋಡಿ ಮುಂದಿನ ಮಾತು ಎಂದ. ಬೆಟ್ಟಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಕೂಸು ಮೈ ತುಂಬಿಕೊಂಡರೆ ಚಿನಕುರಳಿಯಲ್ಲಿ ಉಳಿಯುತ್ತದೆ. ಸೊರಗಿದರೆ ಹೊಣಕೆರೆಗೆ ಹೋಗುತ್ತದೆ. ಅರ್ಪಿತಳದು ಎಂದು ಈ ಲೋಕದಲ್ಲಿ ಮಿಕ್ಕಿದ್ದು ಅದೊಂದೇ.

ಆಸ್ಪತ್ರೆಯ ನರ್ಸು ಹೇಳಿಕೊಟ್ಟಿದ್ದು ಸುಲಭದ ಅಳತೆ. ಕುದಿಸಿ ಆರಿಸಿದ ನೀರು ಬಾಟಲಿಯ ಮೂವತ್ತರ ಗೆರೆಗೆ. ಅದಕ್ಕೆ ಡಬ್ಬಿಯೊಳಗಿನ ಚಮಚದಲ್ಲಿ ತಲೆ ಸವರಿದ ಒಂದು ಚಮಚ ಪುಡಿ. ಬೆಟ್ಟಮ್ಮ ಹಾಗೇ ಬೆರೆಸಿ ಬಾಟಲಿಯನ್ನು ಬಾಗಿಲ ಬೆಳಕಿಗೆ ಹಿಡಿದಳು. ಅಕ್ಕಿ ತೊಳೆದ ನೀರಿನಂತೆ ಕಂಡಿತು. ಅವಳಿಗೆ ನಾಚಿಕೆಯಾಯಿತು. ಊರವರಿಗೆಲ್ಲ ಗಟ್ಟಿ ಹಾಲು ಅಳೆದ ಕೈ, ತಾಯಿಲ್ಲದ ಕೂಸಿಗೆ ನೀರು ಹಾಲು ಅಳೆಯುವುದೇ? ಇನ್ನೊಂದು ಚಮಚ ಹಾಕಿದಳು, ಗೋಪುರ ಕಟ್ಟಿ. ಗಂಟು ಒಡೆಯಲೆಂದು ಮಜ್ಜಿಗೆ ಕಡೆದ ಹಾಗೆ ಕುಲುಕಿದಳು. ಬುರುಬುರು ನೊರೆ ಬಂತು. ನೊರೆಹಾಲು ಅಂದರೆ ಆಗತಾನೆ ಕರೆದ ಹಾಲು; ಅವಳ ಕಣ್ಣು ತಣಿಯಿತು.

ಕೂಸು ಉಬ್ಬಿತು. ಎರಡು ವಾರದಲ್ಲಿ ಕೆನ್ನೆ ಬಂತು. ಭಾನುವಾರ ಬಂದ ಕಿಶನ್ ಮಗಳ ಕೆನ್ನೆ ಮುಟ್ಟಿ, ಎಷ್ಟೋ ದಿನದ ಮೇಲೆ ಸಣ್ಣಗೆ ನಕ್ಕ. ಆದರೆ ದೀಪ ಹಚ್ಚುವ ಹೊತ್ತಿಗೆ ಅಳು ಶುರುವಾಗುತ್ತಿತ್ತು. ಕಾಲನ್ನು ಹೊಟ್ಟೆಗೆ ಎಳೆದುಕೊಂಡು, ಮುಷ್ಟಿ ಬಿಗಿದು, ಮುಖ ಕೆಂಪಾಗಿ, ಉಸಿರು ಕಟ್ಟುವ ಅಳು. ಹೊಟ್ಟೆ ತಮಟೆಯಂತೆ ಬಿಗಿದಿರುತ್ತಿತ್ತು, ಬೆರಳಲ್ಲಿ ತಟ್ಟಿದರೆ ಡಬಡಬ ಅನ್ನುತ್ತಿತ್ತು. ಬೆಟ್ಟಮ್ಮ ಬಲ್ಲದ್ದನ್ನೆಲ್ಲ ಮಾಡಿದಳು. ವೀಳ್ಯದೆಲೆಗೆ ಹರಳೆಣ್ಣೆ ಸವರಿ, ಬಿಸಿ ತಾಗಿಸಿ, ತನ್ನ ಕೆನ್ನೆಗೆ ಒತ್ತಿ ನೋಡಿ ಕೂಸಿನ ಹೊಟ್ಟೆಗೆ ಇಟ್ಟಳು. ಇಂಗು ಕಲಸಿ ಹೊಕ್ಕುಳ ಸುತ್ತ ಹಚ್ಚಿದಳು. ಗಾಳಿ ಸರಿಯಲೆಂದು ಕಾಲೆರಡನ್ನೂ ಸೈಕಲ್ಲು ತುಳಿಸಿದಳು. ಪುರ್ರೆಂದು ಒಂದಿಷ್ಟು ಸರಿದು ಕೂಸು ಸುಮ್ಮನಾದರೆ, ಮನೆದೇವರು ಚೆಲುವರಾಯನಿಗೆ ಕೈ ಮುಗಿದು ಮತ್ತೆ ಅದೇ ಹಾಲು ಕೊಡುತ್ತಿದ್ದಳು.

ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮ ಬಂದು, ಕರಿಯಯ್ಯನ ಹತ್ತಿರ ಬರೆ ಹಾಕಿಸು, ಕಾದ ಅರಿಶಿನದ ಕೊಂಬು ಎರಡು ಕಡೆ ಮುಟ್ಟಿಸಿದರೆ ವಾಯು ಓಡುತ್ತದೆ ಎಂದಳು. "ಸುಟ್ಟು ವಾಸಿ ಮಾಡಕ್ಕೆ ಇದೇನು ಮಡಕೇನಾ? ಓಗು ನಿನ್ ಮನ್ಗೆ" ಎಂದು ಬೆಟ್ಟಮ್ಮ ಅವಳನ್ನು ಅಟ್ಟಿದಳು. ಆ ಒಂದು ಪುಣ್ಯ ಅವಳ ಲೆಕ್ಕಕ್ಕೆ ಇರಲಿ.

ಆಶಾ ಕಾರ್ಯಕರ್ತೆ ಸಹನ ಬಂದದ್ದು ಒಂದು ಬೆಳಿಗ್ಗೆ. ಹಾಲು ಬೆರೆಸುವುದನ್ನು ತೋರಿಸು ದೊಡ್ಡವ್ವ ಎಂದಳು. ಬೆಟ್ಟಮ್ಮನ ಕೈ ಡಬ್ಬಿಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ನೀರು ಮೂವತ್ತಕ್ಕೆ, ಪುಡಿ ಒಂದೇ ಚಮಚ, ತಲೆ ಸವರಿ. ತನಿಖೆಯ ದಿನ ಗಟ್ಟಿ ಹಾಲು ತರುವವರನ್ನು ಜರಿದಿದ್ದ ಹೆಂಗಸು ಅಂದು ತಾನೇ ತನಿಖೆಯವರ ಕಣ್ಣಿಗೆ ಒಂದು ಹಾಲು, ಕೂಸಿನ ಬಾಯಿಗೆ ಒಂದು ಹಾಲು ಮಾಡಿದಳು. ತನ್ನ ಹೆಮ್ಮೆಯ ಮಾತು ಬಂದಾಗ ಮನುಷ್ಯ ತನ್ನ ನಾಲಿಗೆ ಆಡಿದ್ದನ್ನೇ ಮರೆಯುತ್ತಾನೆ.

ಸಹನಳಿಗೆ ಕಂಡದ್ದು ಕುಲುಕಾಟ ಮಾತ್ರ. ನೊರೆ ಅಂದರೆ ಗಾಳಿ, ಕೂಸು ಅದನ್ನೇ ನುಂಗುತ್ತದೆ. ಮೆಲ್ಲಗೆ ತಿರುಗಿಸಿ ಕರಗಿಸು, ನೊರೆ ಕೂರಲಿ ಎಂದಳು. ತಲೆ ಎತ್ತರಿಸಿ ಹಿಡಿ, ನಿಪ್ಪಲ್ಲಿನ ತುಂಬ ಹಾಲಿರುವಂತೆ ಬಾಟಲಿ ಬಾಗಿಸು, ಅರ್ಧಕ್ಕೊಮ್ಮೆ ಕೊನೆಗೊಮ್ಮೆ ಹೆಗಲಿಗೆ ಹಾಕಿ ತೇಗು ಬರಿಸು ಎಂದಳು. ಬೆಟ್ಟಮ್ಮ ಅಷ್ಟನ್ನೂ ತಪ್ಪದೆ ಮಾಡಿದಳು. ಎರಡು ದಿನ ಸಂಜೆಯ ಅಳು ಕಮ್ಮಿಯಾಯಿತು. ಅಲ್ಲಿಗೆ ತಪ್ಪೆಲ್ಲ ನೊರೆಯದೇ ಎಂದುಕೊಂಡಳು. ಚಮಚ ಮಾತ್ರ ಎರಡೇ ಉಳಿಯಿತು.

ಯುಗಾದಿ ಕಳೆದು ಬಿಸಿಲೇರಿತು. ಕೂಸು ಮೂರು ದಿನ ಹೊರಕಡೆ ಮಾಡಲಿಲ್ಲ. ಬಟ್ಟೆ ಒದ್ದೆಯಾಗುವುದು ಕಮ್ಮಿಯಾಯಿತು. ಬಾಯಿ ಚಪ್ಪರಿಸಿ ಅತ್ತಾಗ, ಹಸಿವೆಂದು ಬೆಟ್ಟಮ್ಮ ಗಟ್ಟಿ ಹಾಲನ್ನೇ ಕೊಟ್ಟಳು. ಅದಕ್ಕೆ ಬೇಕಾಗಿದ್ದದ್ದು ನೀರು. ನಾಲ್ಕನೆಯ ದಿನ ಮಧ್ಯಾಹ್ನ ಕೂಸಿನ ಅಳು ಬೆಕ್ಕಿನ ಮರಿಯ ದನಿಯಂತೆ ಕೀರಲಾಯಿತು. ಆಮೇಲೆ ಕಣ್ಣು ಮೇಲಕ್ಕೆ ನೆಟ್ಟು, ಕೈಕಾಲು ಸೆಟೆದು ಅದುರತೊಡಗಿದವು. ಗಂಡ ರಂಗಸ್ವಾಮಿ ಗದ್ದೆಯಿಂದ ಓಡಿಬಂದ. ಪಾಂಡವಪುರದಲ್ಲಿ ಸೂಜಿ ಹಾಕಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಜಿಲ್ಲೆಯ ದೊಡ್ಡಾಸ್ಪತ್ರೆಗೆ ಕಳಿಸಿದರು.

ಅಲ್ಲಿ ಡಾಕ್ಟರಮ್ಮ ರಕ್ತ ನೋಡಿ, ಮೈಯಲ್ಲಿ ನೀರು ಒಣಗಿ ಉಪ್ಪು ವಿಪರೀತ ಏರಿದೆ, ಹಾಲು ಹೇಗೆ ಬೆರೆಸುತ್ತಿದ್ದಿರಿ ಎಂದು ಕೇಳಿದಳು. ಕೆ.ಆರ್. ಪೇಟೆಯಿಂದ ಬೈಕಿನಲ್ಲಿ ಬಂದಿದ್ದ ಕಿಶನ್ ಪಕ್ಕದಲ್ಲೇ ನಿಂತಿದ್ದ. ಬೆಟ್ಟಮ್ಮ ಅವನ ಮುಖ ನೋಡಿ, ಮೂವತ್ತಕ್ಕೆ ಒಂದು ಚಮಚ ಎಂದಳು. ಹಾಗಾದರೆ ಮೂತ್ರಪಿಂಡದ ರೋಗ ಇರಬಹುದು, ಮೈಸೂರಿಗೆ ಕಳಿಸಬೇಕಾದೀತು ಎಂದು ಡಾಕ್ಟರಮ್ಮ ಯೋಚನೆಗೆ ಬಿದ್ದಳು. ಗಾಜಿನಾಚೆ ನರ್ಸು ಮತ್ತೆ ರಕ್ತ ತೆಗೆಯಲು ಕೂಸಿನ ಕಾಲಿನಲ್ಲಿ ನರ ಹುಡುಕುತ್ತಿದ್ದಳು. ಕೂಸಿಗೆ ಅಳುವ ಶಕ್ತಿಯೂ ಇರಲಿಲ್ಲ.

ಡಾಕ್ಟರಮ್ಮ ಇನ್ನೊಮ್ಮೆ ಅದೇ ಪ್ರಶ್ನೆ ಕೇಳಿದಾಗ ಕಿಶನ್‌ಗೆ ಬೇಸರವಾಯಿತು.

"ನಮ್ಮತ್ತೆ ಕೈಲಿ ಅಂಗಾಗಲ್ಲ ಮೇಡಂ. ಡೈರಿಗೇ ಒಂದಿನ ನೀರಾಕ್ದೋರಲ್ಲ ಅವ್ರು."

ಅವನು ಬೈದಿದ್ದರೆ ಬೆಟ್ಟಮ್ಮ ತಡೆದುಕೊಳ್ಳುತ್ತಿದ್ದಳೇನೋ. ಗೋಡೆ ಹಿಡಿದು ಎದ್ದು ನಿಂತಳು.

"ನಾ ಸುಳ್ಳೇಳ್ದೆ ಕಣವ್ವ. ಎರಡು ಚಮಚ ಆಕ್ತಿದ್ದೆ, ತುಂಬ್ಕಂಡು. ನೀರಾಲು ಕುಡ್ಸಕ್ಕೆ ಮನ್ಸು ಬರ್ನಿಲ್ಲ."

"ಎಷ್ಟು ದಿನದಿಂದ?"

"ಮನ್ಗೆ ಬಂದಾಗ್ನಿಂದ."

ಡಾಕ್ಟರಮ್ಮ ಬೈಯಲಿಲ್ಲ. ಚೀಟಿಯಲ್ಲಿ ಬರೆದಿದ್ದನ್ನು ಹೊಡೆದು ಹಾಕಿ ಬೇರೆ ಬರೆದಳು. ಮೈಸೂರಿನ ಮಾತು ಬಿಟ್ಟಳು. ಎಳೆಗರುಳು ಅಷ್ಟು ಗಟ್ಟಿ ಹಾಲನ್ನು ಅರಗಿಸಲಾರದು, ಹೊಟ್ಟೆ ಉಬ್ಬಿದ್ದೂ ಅದಕ್ಕೇ. ಈಗ ಉಪ್ಪನ್ನು ಹನಿಹನಿಯಾಗಿ ಇಳಿಸಬೇಕು, ಆತುರ ಮಾಡಿದರೆ ಮಿದುಳಿಗೆ ಬಾವು ಬರುತ್ತದೆ ಎಂದು ಹೇಳಿ ಒಳಗೆ ಹೋದಳು. ಕಿಶನ್ ಅತ್ತೆಯ ಪಕ್ಕದಿಂದ ಸರಿದು, ವರಾಂಡದ ಆ ತುದಿಯ ಕಿಟಕಿಗೆ ಹೋಗಿ ಬೆನ್ನು ಮಾಡಿ ನಿಂತ.

ಮೂರನೆಯ ದಿನ ಕೂಸು ಕಣ್ಣು ಬಿಟ್ಟಿತು. ಹತ್ತನೆಯ ದಿನ ಮನೆಗೆ ಒಯ್ಯಲು ಒಪ್ಪಿದರು. ಜೀವಕ್ಕೆ ಭಯವಿಲ್ಲ, ಆದರೆ ಕಿವಿ, ಕಣ್ಣು, ನಡಿಗೆ, ಮಾತು ಹೇಗೋ ಈಗಲೇ ಹೇಳಲಾಗದು, ವರ್ಷ ಕಳೆಯಲಿ ಎಂದರು.

ಕಿಶನ್‌ನ ತಾಯಿ ಪುಟ್ಟತಾಯಮ್ಮ ಹೊಣಕೆರೆಯಿಂದ ಹೊಸ ಟವಲು ತಂದಿದ್ದಳು. ಕೂಸು ಹೊಣಕೆರೆಗೇ ಎಂಬುದು ಆಗಲೇ ತೀರ್ಮಾನವಾಗಿತ್ತು. ಹೊರಡುವ ಮುಂಚೆ ಕಿಶನ್ ತಾನೇ ನೀರು ಅಳೆದು, ಚಾಕುವಿನ ಬೆನ್ನಲ್ಲಿ ಚಮಚದ ತಲೆ ಸವರಿ, ಹಾಲು ಬೆರೆಸಿ, ನೊರೆ ಕೂರುವವರೆಗೂ ಕಾದು ಕುಡಿಸಿದ. ಆಮೇಲೆ ಅತ್ತೆಯ ಕಡೆ ನೋಡದೆ ಅಂದ:

"ತೇಗು ಬರ್ಸಿ ಕೊಡಿ ಅತ್ತೆ. ನಂಗಿನ್ನೂ ಬರಕಿಲ್ಲ."

ಬೆಟ್ಟಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡಳು. ಸೊಂಟದಿಂದ ಮೇಲಕ್ಕೆ ಅಂಗೈಯಲ್ಲಿ ನೀವುತ್ತ ವಾರ್ಡಿನ ಉದ್ದಕ್ಕೂ ನಡೆದಳು. ತೇಗು ಬರುವವರೆಗೆ ಕೂಸು ಅವಳದು. ಬಾರದಿರಲಿ ಎಂದು ಒಳಗೊಳಗೇ ದೇವರನ್ನು ಬೇಡಿಕೊಂಡಳು. ಬೇಡಿಕೊಂಡದ್ದಕ್ಕೆ ಅಂಜಿ, ಬರಲಪ್ಪ ಎಂದು ಮತ್ತೆ ಬೇಡಿದಳು. ಬಾಗಿಲ ಹತ್ತಿರ ಪುಟ್ಟತಾಯಮ್ಮ ಟವಲು ಬಿಡಿಸಿ ಹಿಡಿದು ನಿಂತಿದ್ದಳು.

ಕೂಸಿನ ಎದೆ ಒಮ್ಮೆ ಎದ್ದಿತು. ಅವಳ ಕುತ್ತಿಗೆಯ ಪಕ್ಕದಲ್ಲಿ, ಒಂದು ಗುಳ್ಳೆ ಒಡೆದಷ್ಟೇ ಸದ್ದಾಯಿತು. ಅವಳೊಬ್ಬಳನ್ನು ಬಿಟ್ಟು ಯಾರಿಗೂ ಅದು ಕೇಳಿಸಲಿಲ್ಲ.

"ಬತ್ತು ಕಣಪ್ಪ" ಎಂದಳು ಬೆಟ್ಟಮ್ಮ. ಕಿಶನ್ ಕೈ ನೀಡಿದ.