ಹುಚ್ಚೀರಯ್ಯನ ಹಗೇವು

ಮಡಕೆಯಲ್ಲಿ ನೀರು ಮೊಗೆದು ಮೊಗೆದು ಗದ್ದೆಗೆ ಚೆಲ್ಲುತ್ತಿದ್ದ ಅಂಕಯ್ಯ, ಕೊನೆಗೆ ಮಡಕೆಯನ್ನೇ ಬದುವಿನ ಮೇಲೆ ಕುಕ್ಕಿ ಗುಂಡಿಯಿಂದ ಮೇಲೆ ಬಂದ. ಬೆಳಗ್ಗೆಯಿಂದ ಇದು ಮೂರನೆಯ ಗುಂಡಿ. ಮೂರರಲ್ಲೂ ಮೊಳಕಾಲುದ್ದ ತೋಡುವಷ್ಟರಲ್ಲಿ ನೀರು.

“ನನ್ ಕೈಲಿ ಆಗಾಕಿಲ್ಲ ಕಣ್ಲಾ ಲಿಂಗ. ನಿಮ್ ದೊಡ್ಡಪ್ಪನ್ನ ಊಳ್ತಿದ್ದೀವೋ, ನಾಟಿ ಮಾಡ್ತಿದ್ದೀವೋ?”

ಲಿಂಗಯ್ಯ ಹಣೆ ಚಚ್ಚಿಕೊಂಡ. ಸತ್ತ ಹುಚ್ಚೀರಯ್ಯನಿಗೆ ಮಕ್ಕಳಿರಲಿಲ್ಲ; ಮಣ್ಣು ಮಾಡುವ ಹೊಣೆ ತಮ್ಮನ ಮಗನಾದ ಇವನ ತಲೆಗೆ ಬಿದ್ದಿತ್ತು. ಮೊದಲ ಗುಂಡಿ ತಾತನ ಸಮಾಧಿಯ ಪಕ್ಕ, ಎರಡನೆಯದು ಹುಣಸೆಮರದ ಬುಡ, ಮೂರನೆಯದು ಲಿಂಗಯ್ಯನದೇ ಕಬ್ಬಿನ ತಾಕಿನ ಅಂಚು. ನಾಲ್ಕು ವರ್ಷದ ಹಿಂದೆ ಇದೆಲ್ಲ ರಾಗಿ ಹೊಲ, ಹಾರೆ ಹಾಕಿದರೆ ಕಿಡಿ ಹಾರುವಂಥ ನೆಲ. ಈಗ ನಾಲೆ ಬಂದಿದೆ. ಆ ಕಡೆ ಭತ್ತ, ಈ ಕಡೆ ಮಂಡ್ಯದ ಕಾರ್ಖಾನೆಗೆ ಹೋಗುವ ಕಬ್ಬು, ನಡುವೆ ಸತ್ತವನಿಗೆ ಆರಡಿ ಒಣ ಜಾಗವಿಲ್ಲ.

ಅಷ್ಟರಲ್ಲಿ ಹುಚ್ಚೀರಯ್ಯನ ಹೆಂಡತಿ ಚಿಕ್ಕಲಕ್ಷ್ಮಮ್ಮ ಬದುವಿನ ಮೇಲೆ ನಡೆದು ಬಂದಳು. ಹೆಣದ ಬಳಿ ಕೂತಿರಬೇಕಾದವಳು ಇಲ್ಲೇಕೆ ಬಂದೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಗುಂಡಿಯೊಳಗೆ ಬಗ್ಗಿ ನೋಡಿದಳು.

“ಇದರೊಳಗೆ ನನ್ ಗಂಡನ್ನ ಇಡಾಕೆ ಬುಡಾಕಿಲ್ಲ.”

“ಮತ್ತೆಲ್ಲಿ ಇಡನ ದೊಡ್ಡವ್ವ? ನಾಲೆ ನಿಲ್ಸಿ ಅಂತ ಮೈಸೂರಿಗೆ ಓಗಿ ಕೇಳ್ಕೊಂಡ್ ಬರ್ಲಾ?”

“ಒಣಗಿರೋ ಕಡೆ ಇಡು. ಜೀವಮಾನವೆಲ್ಲ ಒಣ ನೆಲ ಉಡುಕ್ದೋರು ಅವರು.”

ಲಿಂಗಯ್ಯನಿಗೆ ಬಾಯಿ ತಡೆಯಲಿಲ್ಲ. “ಉಡುಕಿದ್ರು. ಸಿಕ್ತಾ? ನನ್ ಅಗೇವು ಏನಾಯ್ತು ಅಂತ ನೋಡಿದ್ಯಲ್ಲ.”

*

ಹುಚ್ಚೀರಯ್ಯ ಹಗೇವು ತೋಡುವವನು. ಬಾಯಿ ಕಿರಿದು, ಹೊಟ್ಟೆ ಹಿರಿದು, ಎರಡಾಳುದ್ದದ ಗುಂಡಿ. ಒಳಗೆ ರಾಗಿ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಹತ್ತು ವರ್ಷ ಕೆಡಬಾರದು. ತೋಡುವುದು ಯಾರ ಕೈಲಾದರೂ ಆದೀತು. ಎಲ್ಲಿ ತೋಡಬೇಕು ಎನ್ನುವುದು ಅವನಿಗೆ ಗೊತ್ತಿತ್ತು. ಮದ್ದೂರಿನಿಂದ ಬೆಳಕವಾಡಿಯವರೆಗೆ ಅವನಿಗೆ ಕರೆ ಬರುತ್ತಿತ್ತು. ಹೋದವನು ಒಂದು ಹಿಡಿ ಮಣ್ಣು ಕೆನ್ನೆಗೊತ್ತಿಕೊಂಡು ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಮನೆಯ ಯಜಮಾನ ಕಾದು ಕಾದು ರೇಗಿದರೂ ಕದಲುತ್ತಿರಲಿಲ್ಲ. ಬೇಡವೆಂದರೆ ಬೇಡ, ಬರಿಗೈಲಿ ಮನೆಗೆ ಬಂದಾನೇ ಹೊರತು ಸಲ್ಲದ ನೆಲಕ್ಕೆ ಹಾರೆ ಹಾಕುತ್ತಿರಲಿಲ್ಲ.

ನಾಲೆಯ ನೀರು ಹರಿದ ವರ್ಷವೇ ಲಿಂಗಯ್ಯ ತನ್ನ ಕಣದ ಹಗೇವು ತೆಗೆಸಿದ. ಹುಳಿ ನಾತ ಬೀದಿಗೆಲ್ಲ ಬಡಿಯಿತು. ರಾಗಿ ಕಪ್ಪಗೆ ಹೆಪ್ಪುಗಟ್ಟಿತ್ತು. ದನ ಕೂಡ ಮೂಸಲಿಲ್ಲ. ಕಣದ ಸುತ್ತ ಕಬ್ಬಿಗೆ ನೀರು ಕಟ್ಟಿದವನು ತಾನೇ ಎನ್ನುವುದನ್ನು ಮರೆತು ಲಿಂಗಯ್ಯ ಊರೆಲ್ಲ ನಿಂತು ನೋಡುವಂತೆ ಕೂಗಾಡಿದ. “ನೀನ್ ತೋರ್ಸಿದ್ ನೆಲ ಕಣಯ್ಯ ಇದು. ಕೆನ್ನೆಗೆ ಮಣ್ ಒತ್ಕೊಂಡು ನಾಟ್ಕ ಆಡ್ದೆ.”

“ನಾನ್ ತೋಡ್ದಾಗ ಒಣಗಿತ್ತು,” ಎಂದ ಹುಚ್ಚೀರಯ್ಯ.

ಆಮೇಲೆ ಊರಿನ ಹಗೇವುಗಳೆಲ್ಲ ಒಂದೊಂದಾಗಿ ಕೆಟ್ಟವು. ದಿಣ್ಣೆಯ ಮೇಲಿದ್ದ ಅಂಕಯ್ಯನದೂ ಉಳಿಯಲಿಲ್ಲ. ಹುಚ್ಚೀರಯ್ಯನ ಮನೆಯೂ ಅದೇ ದಿಣ್ಣೆಯ ಮೇಲೆ. ತನ್ನ ಹಿತ್ತಲಿನ ಹಗೇವನ್ನು ಮಾತ್ರ ಅವನು ತೆಗೆಯಲಿಲ್ಲ. ಹೆಂಡತಿ ಅವರಿವರ ಮನೆಯಿಂದ ಅಕ್ಕಿನುಚ್ಚು ತಂದು ಗಂಜಿ ಕಾಯಿಸಿದಳು, ಬೈದಳು. ನಾಳೆ ತೆಗೀತೀನಿ ಎಂದ. ಮೂರು ವರ್ಷ ಹಾಗೇ ಅಂದ. ಅದೂ ಕೊಳೆತಿದ್ದರೆ ಏನು ಗತಿ ಎಂದು ಅವನಿಗೆ ಹೆದರಿಕೆ, ಅಷ್ಟೇ. ಕಡೆಗೆ ಚಳಿಜ್ವರ ಹಿಡಿದು ಒಂಬತ್ತೇ ದಿನಕ್ಕೆ ಹೋದ.

*

“ನಮ್ ಇತ್ತಲಿಗೆ ಬಾ,” ಎಂದಳು ಚಿಕ್ಕಲಕ್ಷ್ಮಮ್ಮ. “ಅಗೇವು ತಗಿ. ರಾಗಿ ಒಣಗಿದ್ರೆ ಅದ್ರ ಮಗ್ಗುಲಲ್ಲೇ ಗುಂಡಿ ತೋಡು. ನೆಂದಿದ್ರೆ ಈ ಕೆಸ್ರಲ್ಲೇ ಆಕು, ನಾನು ತುಟಿ ಬಿಚ್ಚಾಕಿಲ್ಲ.”

“ಊರೊಳಗೆ ಯಾರಾದ್ರೂ ಎಣ ಊಳ್ತಾರಾ?” ಎಂದ ಅಂಕಯ್ಯ.

“ಊರಾಚೆ ಜಾಗ ತೋರ್ಸಪ್ಪ, ಅಲ್ಗೇ ಒತ್ಕೊಂಡ್ ಓಗನ,” ಎಂದಳು.

ಅಂಕಯ್ಯ ಗುಂಡಿಯ ಕಡೆ ನೋಡಿದ. ಅದು ಆಗಲೇ ಅರ್ಧ ತುಂಬಿತ್ತು. ನಾಲ್ಕನೆಯದನ್ನು ಸುಮ್ಮನೆ ತೋಡಿ ನೋಡುವ ಕಸುವು ಯಾರಲ್ಲೂ ಇರಲಿಲ್ಲ.

ಹಿತ್ತಲಿನಲ್ಲಿ ಮೆತ್ತಿದ ಮಣ್ಣು ಒಡೆದು ಕಲ್ಲು ಸರಿಸಿದರು. ಬಗ್ಗಲು ಹೋದ ಲಿಂಗಯ್ಯನನ್ನು ಅಂಕಯ್ಯ ರಟ್ಟೆ ಹಿಡಿದೆಳೆದ. ಮುಚ್ಚಿದ್ದ ಹಗೇವಿನ ಗಾಳಿ ಕುಡಿದು ಸತ್ತವರುಂಟು.

“ಒಂದ್ ಸಾವು ಸಾಲ್ದಾ ನಿಂಗೆ? ತಡಿಯೋ.”

ಕಾದರು. ಜಗುಲಿಯ ಮೇಲೆ ಹೆಣಕ್ಕೆ ನೊಣ ಮುತ್ತುತ್ತಿತ್ತು, ಹೊತ್ತು ಇಳಿಯುತ್ತಿತ್ತು, ಬಂದ ನೆಂಟರು ಹೊಟ್ಟೆ ಹಸಿದು ಗೊಣಗುತ್ತಿದ್ದರು. ಅಷ್ಟು ಮಾತಾಡಿದ ಚಿಕ್ಕಲಕ್ಷ್ಮಮ್ಮ ಈಗ ಹಗೇವಿನ ಕಡೆ ಬೆನ್ನು ಹಾಕಿ ನಿಂತಿದ್ದಳು. ಗಂಡನನ್ನು ಕಾಡಿದ ಹೆದರಿಕೆಯೇ ಅವಳನ್ನೂ ಹಿಡಿದಿತ್ತು.

ದೀಪ ಇಳಿಬಿಟ್ಟರು, ಆರಲಿಲ್ಲ. ತಳದ ಕಾಳು ಕಚ್ಚಿಕೊಂಡು ಬರಲೆಂದು ಲಿಂಗಯ್ಯ ಬಿದಿರ ಗಳದ ತುದಿಗೊಂದು ಕಚ್ಚು ಕೊರೆದು, ರಾಗಿಯೊಳಗೆ ತಿರುವಿ ತಿರುವಿ ಇಳಿಸಿದ. ತಳ ಮುಟ್ಟಿತು. ಮೇಲಕ್ಕೆಳೆದು ತುದಿಯನ್ನು ಅಂಗೈ ಮೇಲೆ ಬಡಿದ.

ಕಾಳು ಉದುರಿದವು. ಒಂದಕ್ಕೊಂದು ಅಂಟಿರಲಿಲ್ಲ. ನಾತವಿರಲಿಲ್ಲ. ಲಿಂಗಯ್ಯ ನಂಬದೆ ಊದಿದ. ದೂಳೆದ್ದು ಅವನ ಕಣ್ಣಿಗೇ ಬಿತ್ತು.

“ಒಣಗೈತೆ ದೊಡ್ಡವ್ವ,” ಎಂದ ಕಣ್ಣುಜ್ಜಿಕೊಳ್ಳುತ್ತ.

ಚಿಕ್ಕಲಕ್ಷ್ಮಮ್ಮ ನೇರ ಜಗುಲಿಗೆ ಹೋಗಿ ಹೆಣದ ಮುಂದೆ ನಿಂತಳು. “ಒಂದ್ ಸಲ ತೆಗ್ದು ನೋಡಿದ್ರೆ ಏನಾಯ್ತಿತ್ತಯ್ಯ ನಿಂಗೆ? ಮೂರ್ ವರ್ಸ ತಲೆ ತಗ್ಗುಸ್ಕೊಂಡ್ ಕೂತಿದ್ಯಲ್ಲ. ಯಾಕೆ?” ಬೈಯುತ್ತ ಬೈಯುತ್ತ ಅವಳು ಅತ್ತಳು. ಬೆಳಗ್ಗೆಯಿಂದ ಅತ್ತಿರಲಿಲ್ಲ.

ಹಗೇವಿನ ಮಗ್ಗುಲಲ್ಲಿ ಎದೆಮಟ್ಟ ತೋಡಿದರೂ ನೀರು ಬರಲಿಲ್ಲ. ಹೆಣ ತಂದು ಗುಂಡಿಯ ಬದಿಗೆ ಮಲಗಿಸಿದರು. ಸತ್ತವನ ಬಾಯಿಗೆ ಹಾಕಲು ಲಿಂಗಯ್ಯನ ಹೆಂಡತಿ ಶಿವನಂಜಮ್ಮ ಮೊರದಲ್ಲಿ ಅಕ್ಕಿ ತಂದಳು. ಅವರದೇ ಗದ್ದೆಯ ಹೊಸ ಅಕ್ಕಿ, ಆರಿಸಿ ಹಸನು ಮಾಡಿದ್ದು.

ಮೊದಲು ಹಾಕಬೇಕಾದವನು ಲಿಂಗಯ್ಯ. ಮೊರದವರೆಗೆ ಬಂದವನು ಕೈ ಹಿಂದಕ್ಕೆಳೆದುಕೊಂಡ. ಮತ್ತೆ ಗಳ ಇಳಿಸಿ, ಕಚ್ಚಿನಲ್ಲಿ ಬಂದಷ್ಟು ರಾಗಿಯನ್ನು ಬೊಗಸೆಗೆ ಬಡಿದುಕೊಂಡು ಬಂದು ದೊಡ್ಡಪ್ಪನ ತುಟಿಗಿಟ್ಟ. ಅಂಕಯ್ಯ ಗಳ ಕೈಗೆತ್ತಿಕೊಂಡ. ಹಿಂದಿನವರು ಒಬ್ಬೊಬ್ಬರಾಗಿ ಹಗೇವಿನ ಕಡೆ ತಿರುಗಿ ಕೈಯೊಡ್ಡಿ ನಿಂತರು. ಶಿವನಂಜಮ್ಮ ತುಂಬಿದ ಮೊರ ಹಿಡಿದುಕೊಂಡು, ಯಾರಾದರೂ ತೆಗೆದುಕೊಳ್ಳುತ್ತಾರೇನೋ ಎಂದು ನೋಡುತ್ತಲೇ ಇದ್ದಳು.