ತೊಳೆಯದ ಕೈ

ಇವತ್ತು ಕೈ ತೊಳೆಯಬಾರದು ಎಂದು ಡಾಕ್ಟರ್ ಸತೀಶ್ ಕುಮಾರ್ ನಿರ್ಧರಿಸಿದ್ದು ಹಲ್ಲುಜ್ಜುತ್ತಿರುವಾಗ. ಬಾಯಿ ತುಂಬ ನೊರೆ ಇದ್ದುದರಿಂದ ಹೆಂಡತಿ ಸಂಧ್ಯಾರಾಣಿಗೆ ಹೇಳಲಾಗಲಿಲ್ಲ. ನೊರೆ ಉಗಿದ ಮೇಲೂ ಹೇಳಲಿಲ್ಲ.

ಹೊನ್ನಾಳಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುಗೆ ಅವನೇ ಹಿರಿಯ. ಕತ್ತಿನ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ಕೊಳವೆ ಹಾಕುವುದರಲ್ಲಿ ಎತ್ತಿದ ಕೈ. ಆರು ತಿಂಗಳ ಹಿಂದೆ ಅದೇ ಕೈ ಹಾಕಿದ ಕೊಳವೆಗೆ ಸೋಂಕು ತಗುಲಿ ಚನ್ನಗಿರಿ ಕಡೆಯ ಮರುಳಪ್ಪ ಎಂಬವರು ತೀರಿಕೊಂಡರು. ಅವತ್ತು ಕೈ ತೊಳೆದಿದ್ದೆನೇ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಮರುಳಪ್ಪನವರ ಮಗ ಬೇರೆ ಬಂದು, "ನಿಮ್ಮ ಕೈಲಾದ್ದು ಮಾಡಿದ್ರಿ ಸಾರ್" ಎಂದು ಕಾಲಿಗೆರಗಿ ಹೋಗಿದ್ದ.

ಅದಾದ ಮೇಲೆ ಲೈನ್ ಟೀಮ್ ಹುಟ್ಟಿತು. ಹುಟ್ಟಿಸಿದವನೂ ಅವನೇ. ಕೊಳವೆ ಹಾಕುವಾಗ ಒಬ್ಬ ನರ್ಸ್, ಒಬ್ಬ ಟೆಕ್ನಿಷಿಯನ್ ಪಕ್ಕದಲ್ಲಿ ನಿಂತು ನೋಡಬೇಕು. ಕೈ ತೊಳೆಯುವುದರಿಂದ ಹಿಡಿದು ಆರು ಹೆಜ್ಜೆಗೆ ಆರು ಟಿಕ್. ಒಂದು ತಪ್ಪಿದರೂ, ಡಾಕ್ಟರ್ ಎಷ್ಟೇ ದೊಡ್ಡವನಾಗಿರಲಿ, "ನಿಲ್ಲಿ" ಎನ್ನಬೇಕು.

ತರಬೇತಿಯ ದಿನ ಟೆಕ್ನಿಷಿಯನ್ ಭೀಮೇಶ್ ಎದ್ದು ನಿಂತಿದ್ದ. "ಸಾರ್, ನಿಮಗೆ ನಿಲ್ಲಿ ಅನ್ನಾಕೆ ಬಾಯಿ ಬರಲ್ಲ. ಕೆಮ್ಮಿದ್ರೆ ನಡಿತೈತಾ?"

"ಐಸಿಯುನಲ್ಲಿ ಕೆಮ್ಮಬಾರದು ಕಣಯ್ಯಾ."

ಐದು ತಿಂಗಳಾಯಿತು. ನಲವತ್ತೊಂದು ಕೊಳವೆ. ಒಬ್ಬರೂ ನಿಲ್ಲಿ ಎಂದಿಲ್ಲ, ಒಬ್ಬರೂ ಕೆಮ್ಮಿಲ್ಲ. ಪ್ರತಿ ತಿಂಗಳೂ ನೂರಕ್ಕೆ ನೂರು. ಆಡಳಿತದವರು ಖುಷಿಯಾಗಿ ಅವನಿಗೆ ಹಾರ ಹಾಕಿ, ಫೋಟೊ ತೆಗೆಸಿ ರಿಸೆಪ್ಷನ್ನಿನ ಗೋಡೆಗೆ ನೇತುಹಾಕಿದರು. ಹಾರದ ಸಮೇತ ಗೋಡೆ ಏರಿದ ಮನುಷ್ಯ ಎದುರಿಗೇ ನಡೆದು ಬರುವುದನ್ನು ಕಂಡು ಹೊಸ ರೋಗಿಗಳು ಬೆಚ್ಚುತ್ತಿದ್ದರು.

ತಾನು ಅಷ್ಟೊಂದು ಸರಿಯಾದ ಮನುಷ್ಯನೇ? ಅಥವಾ ಯಾರೂ ತನ್ನನ್ನು ನೋಡುತ್ತಲೇ ಇಲ್ಲವೇ? ಇವತ್ತು ಗೊತ್ತಾಗಿಬಿಡಲಿ. ಯಾರೂ ತಡೆಯದಿದ್ದರೆ ಸೂಜಿ ಚುಚ್ಚುವ ಮೊದಲು ತಾನೇ ನಿಲ್ಲುವುದೆಂದು ಅವನು ತನಗೆ ತಾನೇ ಮಾತು ಕೊಟ್ಟುಕೊಂಡ.

ಹತ್ತು ಗಂಟೆಗೆ ಗಾದ್ರಮ್ಮ ಸಿಕ್ಕಳು. ಬಿಳಿಚೋಡಿನ ಮುದುಕಿ, ನ್ಯಾಮತಿಯ ಮಗಳ ಮನೆಗೆ ಬಂದವಳಿಗೆ ಜ್ವರ ಏರಿ ರಕ್ತದೊತ್ತಡ ಇಳಿದಿತ್ತು. ಕೈಯ ನರ ಸಿಗುತ್ತಿರಲಿಲ್ಲ. ಔಷಧಿ ಬೇಗ ಒಳಗೆ ಹೋಗಬೇಕಾದರೆ ಕತ್ತಿಗೇ ಕೊಳವೆ ಹಾಕಬೇಕಿತ್ತು. ಮೈಯಲ್ಲಿ ತ್ರಾಣವಿರದಿದ್ದರೂ ಅವಳ ಕಣ್ಣು ಮಾತ್ರ ಚುರುಕಾಗಿತ್ತು.

ಸತೀಶ್ ಟೀ ಮುಗಿಸಿದ. ಎಲ್ಲರಿಗೂ ಕಾಣುವಂತೆ ಮೂಗು ತಿಕ್ಕಿಕೊಂಡ. ನಲ್ಲಿಯ ಮುಂದೆ ಒಂದು ಗಳಿಗೆ ನಿಂತು, ಅದನ್ನು ತಿರುಗಿಸದೆ ಬಂದು ಮಾಸ್ಕ್, ಗೌನ್, ಗ್ಲೌಸು ತೊಟ್ಟ. ನರ್ಸ್ ಪುಷ್ಪಾ ಗೌನಿನ ದಾರ ಕಟ್ಟಿದಳು. ಅವಳ ಚೆಕ್‌ಲಿಸ್ಟಿನಲ್ಲಿ ಆರಕ್ಕೆ ಆರೂ ಟಿಕ್ ಆಗಲೇ ಬಿದ್ದಿದ್ದವು.

"ಏನಾದರೂ ಬಿಟ್ಟಿದ್ದೀನಾ?" ಎಂದ.

"ನೀವಾ ಸಾರ್?" ಪುಷ್ಪಾ ನಕ್ಕಳು.

ಗಾದ್ರಮ್ಮನ ಕತ್ತಿಗೆ ಔಷಧಿ ಬಳಿದು ಹಸಿರು ಬಟ್ಟೆ ಹೊದಿಸಿದ. ಅಷ್ಟರಲ್ಲಿ ಭೀಮೇಶ್ ಕೆಮ್ಮಿದ. ಸತೀಶನ ಎದೆ ಹಿಗ್ಗಿತು.

"ಹೇಳು ಭೀಮೇಶ್, ಏನು?"

"ನೆಗಡಿ ಸಾರ್. ಸಾರಿ ಸಾರ್."

ಸೂಜಿ ಕೈಯಲ್ಲಿತ್ತು. ಈಗ ನಿಲ್ಲಬೇಕು ಎಂದುಕೊಂಡ. ಕೈ ನಿಲ್ಲಲಿಲ್ಲ. ಇಪ್ಪತ್ತು ವರ್ಷ ಪಳಗಿದ ಕೈ, ಕೊಟ್ಟಿಗೆಯ ದಾರಿ ಹಿಡಿದ ಎತ್ತಿನ ಹಾಗೆ, ಯಾರನ್ನೂ ಕೇಳದೆ ತನ್ನ ಪಾಡಿಗೆ ತಾನು ಕತ್ತಿನ ಕಡೆ ಹೊರಟಿತ್ತು. ಅಯ್ಯೋ, ಅವತ್ತೂ ಹೀಗೇ ಹೊರಟಿರಬೇಕು! ಅವನಿಗೆ ನಿಜವಾಗಿ ಭಯವಾಯಿತು.

"ಏಯ್, ತಡಿಯಪ್ಪಾ!"

ಬಟ್ಟೆಯೊಳಗಿಂದ ಗಾದ್ರಮ್ಮ. "ಟೀ ಕುಡ್ದೆ, ಮೂಗು ತಿಕ್ಕಂಡೆ, ಹಂಗೇ ಬಂದ್ಬಿಟ್ಟೆ. ಎಲ್ಲ ನೋಡೀನಿ ನಾನು. ಎಮ್ಮೆ ಕೆಚ್ಚಲಿಗೂ ಹಿಂಗೆ ಕೈ ಹಾಕಲ್ಲ. ಹೋಗು, ತೊಳ್ಕಂಡ್ ಬಾ."

ಕೈ ನಿಂತಿತು. ಅವನಿಗೆ ಅಳು ಬಂದಂತಾಯಿತು. ಆ ಮುದುಕಿಯ ಕಾಲು ಹಿಡಿಯಬೇಕೆನಿಸಿತು. ಸೂಜಿ ಕೆಳಗಿಟ್ಟು ತಿರುಗಿದ.

"ಪುಷ್ಪಾ, ನೀವು ನೋಡಲಿಲ್ವಾ?"

"ನೋಡಿದೆ ಸಾರ್. ನೀವು ತೊಳೀಲಿಲ್ಲ ಅಂದ್ರೆ ಏನೋ ಕಾರಣ ಇರ್ತೈತೆ ಅಂದ್ಕಂಡೆ."

"ಮನೇಲೇ ತೊಳ್ಕಂಡ್ ಬಂದಿರ್ತೀರಿ ಅಂದ್ಕಂಡೆ ಸಾರ್" ಎಂದ ಭೀಮೇಶ್, ಕೇಳುವ ಮೊದಲೇ.

"ಬರೆದುಕೊಳ್ಳಿ. ನಿಲ್ಲಿಸಿದವರು ಗಾದ್ರಮ್ಮ."

ಪುಷ್ಪಾ ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿದಳು. "ಪೇಷಂಟಿಗೆ ಕಾಲಂ ಇಲ್ಲ ಸಾರ್. ಹೆಂಗಿದ್ರೂ ಈಗ ತೊಳಿತೀರಲ್ಲ, ಟಿಕ್ ಸರಿಯಾಗೇ ಐತೆ."

ಅವನು ಗ್ಲೌಸು, ಗೌನು ಕಿತ್ತೆಸೆದು ನಲ್ಲಿ ತಿರುಗಿಸಿದ. ಸೋಪು ಹಚ್ಚಿ ಮೊಣಕೈವರೆಗೆ ಉಜ್ಜಿದ. ಎರಡು ನಿಮಿಷ ಸಾಕು. ನಿಯಮ ಬರೆದವನೇ ಅವನು. ಎರಡು ಮುಗಿಯಿತು, ನಾಲ್ಕೂ ಮುಗಿಯಿತು. ಕನ್ನಡಿಯಲ್ಲಿ ಪುಷ್ಪಾ, ಭೀಮೇಶ್ ಕೈಕಟ್ಟಿ ನಿಂತಿರುವುದು ಕಾಣುತ್ತಿತ್ತು. ಇಬ್ಬರಲ್ಲಿ ಒಬ್ಬರಾದರೂ "ಸಾಕು" ಎಂದಾರೆಂದು ಕಾದ. ಚರ್ಮ ಕೆಂಪಗಾಯಿತು. ಕೈಗಳು ಉಜ್ಜುವುದನ್ನು ಬಿಡಲಿಲ್ಲ.

"ಎಲ್ಲಿ ಹೋದ್ನವ್ವಾ ಡಾಕ್ಟ್ರು?" ಗಾದ್ರಮ್ಮನ ದನಿ ಇಳಿದಿತ್ತು.

"ತೊಳಿತಾ ಇದಾರೆ ಅಜ್ಜಿ."

"ಇನ್ನೂನಾ?"

"ಸುಮ್ನಿರ್ರಿ. ಏನೋ ಕಾರಣ ಇರ್ತೈತೆ."

ಮುದುಕಿ ಮತ್ತೆ ಮಾತಾಡಲಿಲ್ಲ. ಅವಳ ತಲೆಯ ಬಳಿ ರಕ್ತದೊತ್ತಡ ತೋರಿಸುತ್ತಿದ್ದ ಯಂತ್ರ ಕೂಗತೊಡಗಿತು. ಸಾರ್‌ಗೆ ತೊಂದರೆಯಾಗದಿರಲೆಂದು ಪುಷ್ಪಾ ಮೆಲ್ಲಗೆ ಹೋಗಿ ಅದರ ಸದ್ದು ಆರಿಸಿದಳು. ಆಮೇಲೆ ನಲ್ಲಿಯ ನೀರಿನ ಸದ್ದೊಂದೇ ಕೇಳುತ್ತಿತ್ತು.